ಕಾಯುವ ಕೆಲಸ

ಕಳೆದ ತಿಂಗಳು ನಮ್ಮ ಬಳಗದ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಗೆಳತಿಯೊಬ್ಬಳು, "ನಿನ್ನ ಚಿಕ್ಕಮ್ಮ ಏನು ಕೆಲಸ ಮಾಡ್ತಾರೆ?" ಅಂತ ಕೇಳಿದಳು. "ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸ್ತಾರೆ" ಅಂದೆ. "ಓಹೋ, ಡಾಕ್ಟರಾ?" "ಅಲ್ಲ ಮಾರಾಯ್ತಿ, ಸಿಸ್ಟರು." "ಹಾಗಾದ್ರೆ ಹೆರಿಗೆ ಮಾಡಿಸೋದು ಡಾಕ್ಟರು, ಇವರು ಪಕ್ಕದಲ್ಲಿ ನಿಂತು ಸಹಾಯ ಮಾಡೋದು ಅನ್ನು" ಎಂದು ಅವಳು ನನ್ನನ್ನು ತಿದ್ದಿದಳು. ನಾನು ವಾದಿಸಿದೆನೇನೋ ಸರಿ. ಆದರೆ ಮನೆಗೆ ಬಂದು ಯೋಚಿಸಿದರೆ, ಹೆರಿಗೆ ಕೋಣೆಯ ಬಾಗಿಲಿನ ಒಳಗೆ ಚಿಕ್ಕಮ್ಮ ನಿಜವಾಗಿ ಏನು ಮಾಡುತ್ತಾರೆಂದು ನನಗೂ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಇಷ್ಟು ವರ್ಷ ಕೇಳಿಯೇ ಇರಲಿಲ್ಲ.

ಕೇಳಲು ಇನ್ನೊಂದು ಕಾರಣವೂ ಕೂಡಿ ಬಂತು. ನನ್ನ ತಂಗಿ ಹನ್ನೆರಡನೇ ತರಗತಿ ಮುಗಿಸಿ ನರ್ಸಿಂಗ್ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅಪ್ಪ ಸುಮ್ಮನಿದ್ದಾರೆ. ಅಮ್ಮ ಬೇಡವೆನ್ನುತ್ತಾಳೆ. ವಿಚಿತ್ರವೆಂದರೆ ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಎಂದದ್ದು ಚಿಕ್ಕಮ್ಮನೇ. ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿ, ಅದರಲ್ಲೇ ಮನೆ ನಡೆಸಿದವರು ಹೀಗೇಕೆ ಅನ್ನುತ್ತಾರೆ? ಅವರ ರಜೆಯ ದಿನಗಳಲ್ಲಿ ನಾಲ್ಕಾರು ಸಲ ಕೂಡಿಸಿಕೊಂಡು ಕೇಳಿದೆ. ಒಂದಿಷ್ಟು ಓದಿಯೂ ನೋಡಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಖಾರಘರದಲ್ಲಿ, ಸಿಡ್ಕೊ ಕಟ್ಟಿಸಿದ ಸಣ್ಣ ಫ್ಲಾಟಿನಲ್ಲಿ. ಖಾರಘರದ ಆಸ್ಪತ್ರೆ ಅಂದರೆ ಹೊರಗಿನವರಿಗೆ ನೆನಪಾಗುವುದು ಟಾಟಾ ಸಂಸ್ಥೆಯ ಕ್ಯಾನ್ಸರ್ ಕೇಂದ್ರ. ಚಿಕ್ಕಮ್ಮನ ಆಸ್ಪತ್ರೆ ಅದಲ್ಲ. ಅವರು ಲೋಕಲ್ ಹಿಡಿದು ಹೋಗಿ ಬರುವ ಆಸ್ಪತ್ರೆಯ ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಬರೆಯುವುದಿಲ್ಲ. ರಾತ್ರಿ ಪಾಳಿಯಾದರೆ ಎಂಟರಿಂದ ಬೆಳಿಗ್ಗೆ ಎಂಟರ ತನಕ. ಬೆಳಿಗ್ಗೆ ಬಂದವರೇ ಸ್ನಾನ ಮಾಡಿ, ಕಿಟಕಿಗೆ ದಪ್ಪ ಪರದೆ ಎಳೆದು ಮಲಗುತ್ತಾರೆ. ಆಗ ನಾವು ಮಿಕ್ಸಿ ಹಾಕುವ ಹಾಗಿಲ್ಲ.

ಅವರ ಸರ್ಟಿಫಿಕೇಟನ್ನು ನಾನು ಮೊದಲ ಸಲ ನೋಡಿದ್ದೂ ಈಗಲೇ. ಮಂಗಳೂರಿನಲ್ಲಿ ಅವರು ಕಲಿತ ಕೋರ್ಸಿನ ಹೆಸರೇ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ. ಮುಗಿಸಿದವರು ಎರಡು ರೀತಿ ನೋಂದಣಿಯಾಗುತ್ತಾರೆ: ಒಂದು ನರ್ಸ್ ಅಂತ, ಇನ್ನೊಂದು ಮಿಡ್‌ವೈಫ್ ಅಂತ. ಹೆಸರಿನ ಮುಂದೆ ಆರ್.ಎನ್., ಆರ್.ಎಂ. ಎಂದು ಬರೆಯುವುದು ಅದಕ್ಕೇ. ಮಿಡ್‌ವೈಫ್ ಅಂದರೆ ನಮ್ಮ ಸೂಲಗಿತ್ತಿ. ಸೂಲು ಅಂದರೆ ಹೆರಿಗೆ. ಆದರೆ ಆಸ್ಪತ್ರೆಯಲ್ಲಿ ಯಾರೂ ಅವರನ್ನು ಸೂಲಗಿತ್ತಿ ಎನ್ನುವುದಿಲ್ಲ, ಅವರೂ ಹಾಗೆ ಹೇಳಿಕೊಳ್ಳುವುದಿಲ್ಲ. ಆ ಶಬ್ದ ಕೇಳಿದರೆ ನಮಗೆಲ್ಲ ಹಳ್ಳಿಯ ಮುದುಕಿಯೊಬ್ಬಳೇ ಕಣ್ಣ ಮುಂದೆ ಬರುತ್ತಾಳೆ.

ಹೆರಿಗೆ ಮಾಡಿಸುವುದೆಂದರೆ ಮಗುವನ್ನು ಹೊರಗೆ ಎಳೆಯುವುದು ಅಂತ ನಾನು ತಿಳಿದಿದ್ದೆ. ಚಿಕ್ಕಮ್ಮ ನಕ್ಕರು. "ಎಳೆಯೋದು ಏನೂ ಇಲ್ಲ. ಸರಿಯಾಗಿ ನಡೆದ್ರೆ ಅದು ತಾನಾಗೇ ಬರ್ತದೆ. ನಮ್ಮ ಕೆಲಸ ಕಾಯೋದು." ಕನ್ನಡದಲ್ಲಿ ಈ ಕ್ರಿಯಾಪದಕ್ಕೆ ಎರಡು ಅರ್ಥ ಉಂಟಲ್ಲ. ಬಸ್ಸಿಗೆ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಅವರು ಎರಡೂ ಅರ್ಥದಲ್ಲಿ ಹೇಳಿದ್ದೆಂದು ಪೂರ್ತಿ ವಿವರಣೆ ಕೇಳಿದ ಮೇಲೆ ನನಗೆ ಹೊಳೆಯಿತು.

ಗರ್ಭಕೋಶದ ಬಾಯಿ ಸುಮಾರು 10 ಸೆಂಟಿಮೀಟರ್ ತೆರೆಯಬೇಕು. ಚೊಚ್ಚಲ ಹೆರಿಗೆಯಲ್ಲಿ ಅದಕ್ಕೆ ಹನ್ನೆರಡು ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯಬಹುದು. ಅಷ್ಟೂ ಹೊತ್ತು ಸಿಸ್ಟರಾದವಳು ಅರ್ಧ ಗಂಟೆಗೊಮ್ಮೆಯಾದರೂ ಮಗುವಿನ ಎದೆಬಡಿತ ಕೇಳಬೇಕು. ಅದು ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕು. ಕೊನೆಯ ಹಂತದಲ್ಲಿ, ತಾಯಿ ಮುಕ್ಕುವಾಗ, ಐದು ನಿಮಿಷಕ್ಕೊಮ್ಮೆ ಕೇಳಬೇಕು. ಹತ್ತು ನಿಮಿಷ ಹೊಟ್ಟೆಯ ಮೇಲೆ ಕೈಯಿಟ್ಟು ಎಷ್ಟು ಸಲ ನೋವು ಬಂತು, ಒಂದೊಂದು ನೋವು ಎಷ್ಟು ಸೆಕೆಂಡು ನಿಂತಿತು ಎಂದು ಎಣಿಸಬೇಕು. ನೋವಿನ ಬಿರುಸನ್ನು ಕೈ ಹೇಗೆ ಅಳೆಯುತ್ತದೆ ಎಂದು ಕೇಳಿದೆ. ಚಿಕ್ಕಮ್ಮ ನನ್ನ ಬೆರಳನ್ನು ಹಿಡಿದು ನನ್ನದೇ ಮೂಗಿನ ತುದಿಗೆ ಒತ್ತಿದರು. "ಹೊಟ್ಟೆ ಇಷ್ಟು ಮೆತ್ತಗಿದ್ರೆ ಸಣ್ಣ ನೋವು." ಆಮೇಲೆ ಗದ್ದಕ್ಕೆ. "ಇಷ್ಟಾದ್ರೆ ಮಧ್ಯಮ." ಆಮೇಲೆ ಹಣೆಗೆ. "ಹಣೆಯಷ್ಟು ಗಟ್ಟಿಯಾಯ್ತೋ, ಜೋರು." ಇದು ನರ್ಸಿಂಗ್ ಶಾಲೆಯಲ್ಲಿ ಕಲಿಸುವ ಪಾಠವಂತೆ. ಯಂತ್ರ ಬಂದರೂ ಅವರು ಕೈಯಿಟ್ಟು ನೋಡದೆ ಬಿಡುವುದಿಲ್ಲ.

ಇವೆಲ್ಲವನ್ನೂ ಒಂದು ಹಾಳೆಯ ಮೇಲೆ ಗುರುತು ಹಾಕುತ್ತಾರೆ. ಅದರ ಹೆಸರು ಪಾರ್ಟೋಗ್ರಾಫ್. ಇದರ ಹಿಂದೆ ಒಂದು ಕಥೆಯಿದೆ. 1955ರಲ್ಲಿ ನ್ಯೂಯಾರ್ಕಿನ ಫ್ರೀಡ್‌ಮನ್ ಎಂಬ ಡಾಕ್ಟರು 500 ಚೊಚ್ಚಲ ಹೆರಿಗೆಗಳನ್ನು ಅಳೆದು, ಗರ್ಭಕೋಶದ ಬಾಯಿ ಹೊತ್ತಿನೊಂದಿಗೆ ಹೇಗೆ ತೆರೆಯುತ್ತದೆಂದು ಗೆರೆ ಎಳೆದು ತೋರಿಸಿದರು. 1972ರಲ್ಲಿ ಅಂದಿನ ರೊಡೇಷಿಯಾದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ಡಾಕ್ಟರರು ಅದೇ ನಕ್ಷೆಗೆ ಎರಡು ಓರೆಗೆರೆ ಸೇರಿಸಿದರು. ಅಲ್ಲಿ ದೂರದ ಊರುಗಳಲ್ಲಿ ಡಾಕ್ಟರಿಲ್ಲ, ಇದ್ದವರು ಸೂಲಗಿತ್ತಿಯರು. ಯಾವಾಗ ತಾಳ್ಮೆಯಿಂದಿರಬೇಕು, ಯಾವಾಗ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂದು ಅವರಿಗೆ ತಿಳಿಯಬೇಕಿತ್ತು. ಮೊದಲ ಗೆರೆ ದಾಟಿದರೆ ಎಚ್ಚರ, ನಾಲ್ಕು ಗಂಟೆ ಆಚೆಗಿನ ಎರಡನೇ ಗೆರೆ ಮುಟ್ಟಿದರೆ ಏನಾದರೂ ಮಾಡಲೇಬೇಕು. ಗಂಟೆಗೆ ಒಂದು ಸೆಂಟಿಮೀಟರ್ ಅನ್ನುವ ಲೆಕ್ಕ ಹೀಗೆ ಲೋಕಕ್ಕೆಲ್ಲ ಹರಡಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಆ ಲೆಕ್ಕವನ್ನು ಸಡಿಲಿಸಿತು. ಅನೇಕ ಹೆಂಗಸರಿಗೆ ಅದಕ್ಕಿಂತ ನಿಧಾನವಾದರೂ ತಾಯಿ ಮಗು ಚೆನ್ನಾಗಿದ್ದರೆ ಅವಸರಪಡಬೇಕಿಲ್ಲ, ನಿಜವಾದ ವೇಗ ಹಿಡಿಯುವುದು 5 ಸೆಂಟಿಮೀಟರಿನ ಮೇಲೆ ಎಂದಿತು. "ಇದನ್ನು ಹೇಳಲಿಕ್ಕೆ ಅವರಿಗೆ ಇಷ್ಟು ವರ್ಷ ಬೇಕಾಯ್ತಾ? ನಮ್ಮ ಮೇಟ್ರನ್ ಮೊದಲೇ ಹೇಳ್ತಿದ್ರು" ಎಂದರು ಚಿಕ್ಕಮ್ಮ.

ಮಗು ಹುಟ್ಟಿದ ಮೇಲೆ ಕೆಲಸ ಮುಗಿಯಿತು ಎನ್ನುವುದು ಹೊರಗೆ ಕೂತ ನೆಂಟರ ಲೆಕ್ಕ. ಅವರು ಪೇಡೆ ತರಲು ಹೋಗುತ್ತಾರೆ. ಒಳಗೆ ಅತ್ಯಂತ ಭಯದ ಹೊತ್ತು ಆಗಲೇ ಶುರು. ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್ ಚುಚ್ಚಬೇಕು. ಅದೇ ಒಂದು ನಿಮಿಷದಲ್ಲಿ ಮಗುವನ್ನು ಒರೆಸಿ, ಅಳದಿದ್ದರೆ ಬೆನ್ನುಜ್ಜಿ, ಆಗಲೂ ಉಸಿರಾಡದಿದ್ದರೆ ಮಾಸ್ಕಿಟ್ಟು ಗಾಳಿ ಕೊಡಲು ಆರಂಭಿಸಬೇಕು. ಆಮೇಲೆ ಮಾಸು ಪೂರ್ತಿ ಬಂತೇ ಎಂದು ತಟ್ಟೆಯಲ್ಲಿ ಹರಡಿ ನೋಡಬೇಕು. ಹದಿನೈದು ನಿಮಿಷಕ್ಕೊಮ್ಮೆ ತಾಯಿಯ ಹೊಟ್ಟೆ ಮುಟ್ಟಿ ಗರ್ಭಕೋಶ ಕ್ರಿಕೆಟ್ ಚೆಂಡಿನ ಹಾಗೆ ಗಟ್ಟಿಯಾಗಿದೆಯೇ ನೋಡಬೇಕು. ಮೆತ್ತಗಾಯಿತೆಂದರೆ ರಕ್ತ ನಲ್ಲಿ ಬಿಟ್ಟ ಹಾಗೆ ಹೋಗುತ್ತದೆ. ನಮ್ಮ ದೇಶದಲ್ಲಿ 2018-20ರ ಸರ್ಕಾರಿ ಲೆಕ್ಕದ ಪ್ರಕಾರ ಒಂದು ಲಕ್ಷ ಜೀವಂತ ಜನನಕ್ಕೆ 97 ತಾಯಂದಿರು ಸತ್ತರು. ಮಹಾರಾಷ್ಟ್ರದಲ್ಲಿ 33, ನಮ್ಮ ಕರ್ನಾಟಕದಲ್ಲಿ 69. ಹೆಚ್ಚು ರಕ್ತ ಹೋಗುವುದು ಇಂಥ ಸಾವುಗಳ ದೊಡ್ಡ ಕಾರಣಗಳಲ್ಲಿ ಒಂದು.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ಕನ್ನಡ ಬಳಗದ ಪತ್ರಿಕೆಯಲ್ಲಿ ಇದನ್ನು ಬರೆಯಬೇಕೆನಿಸಿದ್ದೇ ಅದಕ್ಕಾಗಿ. ನವಿ ಮುಂಬಯಿಯ ಎತ್ತರದ ಕಟ್ಟಡಗಳನ್ನು ಕಟ್ಟಿದ ಕೈಗಳಲ್ಲಿ ವಿಜಯಪುರ, ಬಾಗಲಕೋಟೆ, ಕಲಬುರಗಿ, ಯಾದಗಿರಿ ಕಡೆಯ ಕೈಗಳು ಬಹಳ. ಅವರು ಕಟ್ಟಡದ ಬುಡದಲ್ಲೇ ಪತ್ರಾ ಶೆಡ್ಡಿನಲ್ಲಿ ಇರುತ್ತಾರೆ, ಕಟ್ಟಡ ಮುಗಿದರೆ ಮುಂದಿನದಕ್ಕೆ ಹೋಗುತ್ತಾರೆ. ಗಂಡಸರು ಹಿಂದಿ ಮರಾಠಿ ಹೇಗೋ ಕಲಿಯುತ್ತಾರೆ. ಊರಿನಿಂದ ಹೊಸದಾಗಿ ಬಂದ ಸೊಸೆಗೆ ಎರಡೂ ಬರುವುದಿಲ್ಲ. ಅವಳು ದಿನ ತುಂಬಿ ಹೆರಿಗೆ ಕೋಣೆಗೆ ಬಂದಾಗ ಗಂಡ ಬಾಗಿಲ ಹೊರಗೇ ಉಳಿಯುತ್ತಾನೆ. ಒಳಗೆ ಅವಳು, ಅವಳ ನೋವು, ಮತ್ತು ಗೊತ್ತಿಲ್ಲದ ಭಾಷೆ.

ಚಿಕ್ಕಮ್ಮನಿಗೂ ಮೊದಮೊದಲು ಈ ಕನ್ನಡ ಕಷ್ಟವಾಗಿತ್ತು. ನಮ್ಮದು ಕಾರ್ಕಳ ಕಡೆ, ಮನೆಮಾತು ತುಳು. ಸೇರಿದ ಹೊಸದರಲ್ಲಿ ಒಬ್ಬ ಅತ್ತೆ ಬಾಗಿಲಲ್ಲಿ ನಿಂತು "ಕಸ ಬಿತ್ತೇನ್ರಿ? ಕಸ ಬಿತ್ತೇನ್ರಿ?" ಅಂತ ಒಂದೇ ಸಮನೆ ಕೇಳುತ್ತಿದ್ದಳಂತೆ. ಇವರು ಕಸದ ಬುಟ್ಟಿಯ ಕಡೆ ನೋಡಿ, "ಮಾವಶಿ ಬಂದು ತೆಗೀತಾರೆ" ಅಂದರಂತೆ. (ಇಲ್ಲಿನ ಆಸ್ಪತ್ರೆಗಳಲ್ಲಿ ಆಯಾಗಳನ್ನು ಮಾವಶಿ ಎನ್ನುತ್ತಾರೆ.) ಕಸ ಅಂದರೆ ಮಾಸು ಎಂದು ತಿಳಿದದ್ದು ಆಮೇಲೆ.

ಆದರೆ ಇನ್ನೊಂದು ಸಲ ನಡೆದದ್ದು ನಗುವ ವಿಷಯವಲ್ಲ. ಬಾಗಲಕೋಟೆ ಕಡೆಯ ಹುಡುಗಿ, ಇಪ್ಪತ್ತರ ಆಸುಪಾಸು, ಮೊದಲ ಹೆರಿಗೆ. ಸಾಯಂಕಾಲ ದಾಖಲಾದಾಗ ಬಿ.ಪಿ. ಸ್ವಲ್ಪ ಏರಿತ್ತು, ಹೆದರಿಕೆಯಿಂದ ಇರಬಹುದೆಂದು ಬರೆದಿಟ್ಟಿದ್ದರು. ರಾತ್ರಿ ಅವಳು ಮಾವಶಿಗೆ ಏನೋ ಹೇಳುತ್ತಿದ್ದಳು. ಪಾಪ, ಮಾವಶಿ ಹಸಿವೆಂದು ತಿಳಿದು ಚಹಾ ಬಿಸ್ಕೀಟು ತಂದುಕೊಟ್ಟಳು. ಆಚೆ ತುದಿಯ ಟೇಬಲ್ಲಿನಲ್ಲಿದ್ದ ಚಿಕ್ಕಮ್ಮನ ಕಿವಿಗೆ ಅರ್ಧಂಬರ್ಧ ಬಿತ್ತು: "ಕಣ್ಣಿಗಿ ಕತ್ತಲಿ ಬರಾಕತ್ತೈತ್ರೀ... ತಲಿ ಸಿಡ್ಯಾಕತ್ತೈತಿ..." ಹೆರಿಗೆ ಕೋಣೆಯಲ್ಲಿ ಈ ಎರಡು ಮಾತು ಒಟ್ಟಿಗೆ ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು. ಓಡಿದರು. ಬಿ.ಪಿ. 170/110. ಇನ್ನು ಸ್ವಲ್ಪ ಹೊತ್ತಾದರೆ ಅಪಸ್ಮಾರದ ಹಾಗೆ ಸೆಳೆತ ಬರಬಹುದು. ಅದಕ್ಕೆ ಎಕ್ಲಾಂಪ್ಸಿಯಾ ಅನ್ನುತ್ತಾರೆ, ತಾಯಿ ಮಗು ಇಬ್ಬರೂ ಹೋಗಬಹುದು. ಡಾಕ್ಟರು ಥಿಯೇಟರಿನಲ್ಲಿ ಸಿಸೇರಿಯನ್ ಮಾಡುತ್ತಿದ್ದರು. ಫೋನನ್ನು ಅವರ ಕಿವಿಗೆ ಬೇರೆಯವರು ಹಿಡಿದರು, ಆದೇಶ ಸಿಕ್ಕಿತು, ಇವರು ಮ್ಯಾಗ್ನೀಸಿಯಂ ಸಲ್ಫೇಟ್ ಕೊಟ್ಟರು. ಅದು ಜೀವ ಉಳಿಸುವ ಔಷಧಿ, ಹೆಚ್ಚಾದರೆ ಉಸಿರನ್ನೇ ನಿಲ್ಲಿಸುವ ಔಷಧಿ. ಅದಕ್ಕೇ ಕೊಟ್ಟ ಮೇಲೆ ಪಕ್ಕದಲ್ಲೇ ನಿಂತು ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ ಕಾಲು ಎಗರುತ್ತದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕೆಳಗಿಳಿಯಿತೇ, ಮೂತ್ರ ಬರುತ್ತಿದೆಯೇ ಎಂದು ನೋಡುತ್ತಲೇ ಇರಬೇಕು. ನಡುನಡುವೆ ಅವಳ ಕೈ ಹಿಡಿದು "ಹೆದರಬ್ಯಾಡವ್ವಾ, ನಾ ಇಲ್ಲೇ ಅದೀನಿ" ಅಂತ ತಮಗೆ ಬಂದ ಹುಬ್ಬಳ್ಳಿ ಕನ್ನಡದಲ್ಲಿ ಹೇಳಿದರಂತೆ. ಬೆಳಗಿನ ಜಾವ ಹೆಣ್ಣು ಮಗು ಹುಟ್ಟಿತು, ಎರಡು ಕಿಲೋ ನೂರು ಗ್ರಾಂ. ಇಬ್ಬರೂ ಉಳಿದರು.

ಮನೆಗೆ ಹೋಗುವ ದಿನ ಆ ಹುಡುಗಿ "ನಿಮ್ಮ ಹೆಸರೇನ್ರಿ ಅಕ್ಕಾರ?" ಅಂತ ಕೇಳಿದಳು. ಮಗುವಿಗೆ ತಮ್ಮ ಹೆಸರೇ ಇಡುತ್ತಾಳೆಂದು ಚಿಕ್ಕಮ್ಮ ಒಳಗೊಳಗೇ ಹಿಗ್ಗಿದರು. ವರ್ಷದ ಮೇಲೆ ಬೇಲಾಪುರ ಸ್ಟೇಷನ್ನಿನಲ್ಲಿ ಸಿಕ್ಕಾಗ ಕೇಳಿದರೆ, ಇಟ್ಟದ್ದು ಯಾವುದೋ ಸಿನಿಮಾ ನಟಿಯ ಹೆಸರು! ಇದನ್ನು ಹೇಳುವಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಹೆರಿಗೆಯ ಹೊತ್ತಿಗೆ ಹತ್ತಿರದವರೊಬ್ಬರು ಜೊತೆಗಿರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಅತ್ತೆಯೋ ಅಕ್ಕನೋ ಒಳಗಿದ್ದಿದ್ದರೆ, ಅವರಿಗೆ ಎರಡು ಮಾತು ಹಿಂದಿ ಬರುತ್ತಿದ್ದರೆ, ಆ ರಾತ್ರಿ ಚಹಾ ಬಿಸ್ಕೀಟಿನ ಗೊಂದಲವೇ ಆಗುತ್ತಿರಲಿಲ್ಲ. ಆದರೆ ಮೂರು ಟೇಬಲ್ಲುಗಳ ನಡುವೆ ಒಂದು ಪರದೆಯೂ ಇಲ್ಲದ ಕೋಣೆಯಲ್ಲಿ ಯಾರನ್ನು ಒಳಗೆ ಬಿಡುವುದು?

ಕೆಲಸದ ಒತ್ತಡ ಇಲ್ಲಿಂದಲೇ ಶುರುವಾಗುತ್ತದೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಸ್ಪತ್ರೆಯಲ್ಲಾದ ಹೆರಿಗೆ ನೂರಕ್ಕೆ 38.7. 2019-21ರ ಸಮೀಕ್ಷೆಯಲ್ಲಿ 88.6. ಹದಿನೈದು ವರ್ಷಗಳಲ್ಲಿ ಇಡೀ ದೇಶದ ಹೆರಿಗೆ ಮನೆಯಿಂದ ಎದ್ದು ಆಸ್ಪತ್ರೆಗೆ ಬಂದು ಕೂತಿತು. ಒಳ್ಳೆಯದೇ ಆಯಿತು, ಸಾವು ಇಳಿಯಿತು. "ಹಾಸಿಗೆ ಹೆಚ್ಚಾಯ್ತು, ಬಾಣಂತಿಯರು ಹೆಚ್ಚಾದ್ರು, ನಮ್ಮ ಕೈ ಮಾತ್ರ ಎರಡೇ ಉಳೀತು" ಎನ್ನುತ್ತಾರೆ ಚಿಕ್ಕಮ್ಮ. ಅರ್ಧ ಗಂಟೆಗೊಮ್ಮೆ ಎದೆಬಡಿತ ಕೇಳಬೇಕೆಂದು ಮೇಲೆ ಬರೆದೆನಲ್ಲ, ಐದು ಮಂದಿ ನೋವು ತಿನ್ನುತ್ತಿರುವಾಗ ಒಬ್ಬಳೇ ಸಿಸ್ಟರು ಅದನ್ನು ಮಾಡುವುದು ಹೇಗೆಂದು ನೀವೇ ಲೆಕ್ಕ ಹಾಕಿ. ಪಾರ್ಟೋಗ್ರಾಫ್ ಹಾಳೆಯನ್ನು ಹೆರಿಗೆ ಆದ ಮೇಲೆ ಕೂತು ತುಂಬುವುದೂ ನಡೆಯುತ್ತದೆ. ಎಚ್ಚರಿಕೆಯ ಗಂಟೆಯಾಗಬೇಕಾದ ಕಾಗದ ಕೊನೆಗೆ ಫೈಲಿಗೆ ಮಾತ್ರ ಆಗುತ್ತದೆ.

ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದ ಒಂದು ಸಂಗತಿಯನ್ನು ಬರೆಯಲೋ ಬೇಡವೋ ಎಂದು ನಾನು ಕೇಳಿದೆ. "ಬರಿ" ಎಂದರು. ಅಂಥದೇ ಒಂದು ರಾತ್ರಿ, ಮೂರು ಟೇಬಲ್ಲಿಗೂ ಅವರೊಬ್ಬರೇ. ಒಬ್ಬ ಹೆಂಗಸು ಕಾಲು ಜೋಡಿಸಿಕೊಂಡು ಬಿಡುತ್ತಲೇ ಇಲ್ಲ, ಮಗುವಿನ ತಲೆ ಕಾಣುತ್ತಿದೆ, ಪಕ್ಕದ ಟೇಬಲ್ಲಿನಿಂದ ಇನ್ನೊಬ್ಬಳು ಕೂಗುತ್ತಿದ್ದಾಳೆ. ಚಿಕ್ಕಮ್ಮ ಅವಳ ತೊಡೆಗೆ ಹೊಡೆದರು. ಬೈದರು ಕೂಡ. ಮಗು ಚೆನ್ನಾಗಿ ಹುಟ್ಟಿತು. ಬೆಳಿಗ್ಗೆ ವಾರ್ಡಿನಲ್ಲಿ ಆ ಹೆಂಗಸು ನಗುತ್ತಾ ಕೈಮುಗಿದಳು. ಇವರಿಗೆ ಅವಳ ಮುಖ ನೋಡಲಾಗಲಿಲ್ಲ. "ಹೊಡೆದದ್ದಕ್ಕಿಂತ, ಹೊಡೆದ್ರೂ ಅವಳು ಅದನ್ನು ಸಹಜ ಅಂತ ತಿಳ್ಕೊಂಡಳಲ್ಲ, ಅದು ನನಗೆ ತಡೆಯಲಿಲ್ಲ" ಎಂದರು. ಹೆರಿಗೆ ಕೋಣೆಯಲ್ಲಿ ಹೆಂಗಸರನ್ನು ಬೈಯುವುದು, ಹೊಡೆಯುವುದು ಜಗತ್ತಿನ ಅನೇಕ ದೇಶಗಳಲ್ಲಿ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿಕೆಯನ್ನೇ ಹೊರಡಿಸಿತು. ದಣಿವು ಅದಕ್ಕೆ ಕಾರಣವಿರಬಹುದು, ಸಮಾಧಾನವಾಗುವುದಿಲ್ಲ. ಇದು ನನ್ನ ಮಾತಲ್ಲ, ಅವರದೇ.

ಇನ್ನೊಂದು ತೊಂದರೆ ನಮ್ಮ ಕಣ್ಣಿಗೆ ಬೀಳದಂಥದ್ದು. ನಮ್ಮ ಆಸ್ಪತ್ರೆಗಳಲ್ಲಿ ಬಹುಪಾಲು ಮಿಡ್‌ವೈಫ್ ಎಂಬ ಬೇರೆ ಹುದ್ದೆಯೇ ಇರಲಿಲ್ಲ. ಸರ್ಟಿಫಿಕೇಟಿನಲ್ಲಿ ಇದ್ದದ್ದು ಸಂಬಳದ ಪಟ್ಟಿಯಲ್ಲಿ ಇಲ್ಲ. ಅಲ್ಲಿ ಎಲ್ಲರೂ ಸ್ಟಾಫ್ ನರ್ಸ್. ಹಾಗಾಗಿ ಹತ್ತು ವರ್ಷ ಹೆರಿಗೆಯಲ್ಲಿ ಪಳಗಿದ ಕೈಯನ್ನು ಇದ್ದಕ್ಕಿದ್ದಂತೆ ಕಣ್ಣಿನ ವಾರ್ಡಿಗೋ ಸುಟ್ಟಗಾಯದ ವಾರ್ಡಿಗೋ ಹಾಕಬಹುದು. ಚಿಕ್ಕಮ್ಮನನ್ನು ಎರಡು ಸಲ ಹಾಗೆ ಕಳಿಸಿ, ಮತ್ತೆ ಕರೆಸಿಕೊಂಡಿದ್ದಾರೆ. ಎಲ್ಲ ಸರಿಯಾಗಿದ್ದರೆ ಹೆರಿಗೆ ಮಾಡಿಸಿದವರು ಡಾಕ್ಟರು, ಏನಾದರೂ ತಪ್ಪಿದರೆ ರಾತ್ರಿ ಯಾವ ಸಿಸ್ಟರು ಇದ್ದದ್ದು ಎಂಬ ಪ್ರಶ್ನೆ. ಇಂಗ್ಲೆಂಡಿನಲ್ಲಿ 1902ರಲ್ಲೇ ಸೂಲಗಿತ್ತಿಯರಿಗೆಂದು ಕಾನೂನು ಬಂತು. ಅಲ್ಲಿ ಇಂದಿಗೂ ತೊಡಕಿಲ್ಲದ ಹೆರಿಗೆಯನ್ನು ಅವರೇ ತಮ್ಮ ಹೊಣೆಯಲ್ಲಿ ಮಾಡಿಸುತ್ತಾರೆ, ಡಾಕ್ಟರನ್ನು ಕರೆಯುವುದು ತೊಡಕಾದಾಗ. ನಮ್ಮಲ್ಲಿ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ನೂರಕ್ಕೆ 47 ಸಿಸೇರಿಯನ್, ಸರ್ಕಾರಿಯಲ್ಲಿ 14, ಇದು 2019-21ರ ಲೆಕ್ಕ. ತಾಯಂದಿರ ಮೈ ಎರಡು ಕಡೆಯೂ ಒಂದೇ ಅಲ್ಲವೇ? ಕಾಯಲು ಯಾರಿಗೆ ಪುರುಸೊತ್ತಿದೆ, ಯಾರಿಗಿಲ್ಲ ಅನ್ನುವುದೂ ಈ ಅಂಕಿಯಲ್ಲಿ ಸೇರಿದೆ ಎಂದು ನನ್ನ ಅನುಮಾನ.

ಸರ್ಕಾರಕ್ಕೆ ಇದು ತಿಳಿಯದೆ ಇಲ್ಲ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಗೆಂದೇ ಮಾರ್ಗಸೂಚಿ ಹೊರಡಿಸಿತು. ಹೆರಿಗೆ ಕೋಣೆಯಲ್ಲಿ ಅನುಭವವಿರುವ ನರ್ಸುಗಳಿಗೆ 18 ತಿಂಗಳ ಹೆಚ್ಚಿನ ತರಬೇತಿ, ಆಮೇಲೆ ತೊಡಕಿಲ್ಲದ ಹೆರಿಗೆಗಳನ್ನು ಅವರೇ ನೋಡಿಕೊಳ್ಳುವ ಪ್ರತ್ಯೇಕ ಘಟಕ. ಅದೇ ತಿಂಗಳ 25ರಂದು ಪಾವಗಡದ ಸೂಲಗಿತ್ತಿ ನರಸಮ್ಮನವರು ತೀರಿಕೊಂಡರು. ಅಕ್ಷರ ಬಾರದ, ಸಾವಿರಾರು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದ ಆ ತಾಯಿಗೆ ಅದೇ ವರ್ಷ ಪದ್ಮಶ್ರೀ ಬಂದಿತ್ತು. ಅವರ ಹೆಸರಿನ ಮುಂದೆಯೇ ಆ ಶಬ್ದ ಕೂತದ್ದು ನನಗೆ ಇಷ್ಟ. ಚಿಕ್ಕಮ್ಮನಿಗೆ ಅವರ ಚಿತ್ರ ತೋರಿಸಿದೆ. "ಇವರ ಬೆರಳು ನೋಡು" ಎಂದರು, ಬೇರೇನೂ ಹೇಳಲಿಲ್ಲ.

ಹಾಗಾದರೆ ಈ ಕೆಲಸದಲ್ಲಿ ಸಿಗುವುದೇನು? ಸಂಬಳ ಬಿಡಿ, ಅದು ಮನೆಗೆ ಸಾಕಾಗುವಷ್ಟು. ಬಕ್ಷೀಸು ಅವರು ಮುಟ್ಟುವುದಿಲ್ಲ. ಗಂಡಾದರೆ ಐನೂರು, ಹೆಣ್ಣಾದರೆ ಪೇಡೆ ಕೂಡ ಇಲ್ಲ ಎಂಬ ಲೆಕ್ಕ ನೋಡಿ ಹೇಸಿಗೆಯಾಗಿ ಬಿಟ್ಟರಂತೆ. ಮಗು ಹುಟ್ಟಿದೊಡನೆ ಅದನ್ನು ಎತ್ತಿ ತಾಯಿಗೇ ತೋರಿಸಿ, ಏನು ಮಗು ಎಂದು ಅವಳ ಬಾಯಿಂದಲೇ ಹೇಳಿಸುವ ಪದ್ಧತಿ ಇದೆ, ಮುಂದೆ ಮಗು ಬದಲಾಯಿತೆಂದು ಜಗಳ ಬರಬಾರದಲ್ಲ. "ಮೂರನೇದೂ ಹೆಣ್ಣು ಅಂತ ಹೇಳುವಾಗ ಕೆಲವರ ಸ್ವರ ಸತ್ತು ಹೋಗ್ತದೆ. ಆಗ ನಾನು ಮಗುವನ್ನು ಒಯ್ಯೋದಿಲ್ಲ, ಅಲ್ಲೇ ಎದೆ ಮೇಲೆ ಮಲಗಿಸಿಬಿಡ್ತೇನೆ. ಐದು ನಿಮಿಷ. ಮಗು ಬಾಯಿ ಹುಡುಕ್ತಾ ಹೋಗ್ತದೆ ನೋಡು, ತಾಯಿಯ ಕೈ ತಾನಾಗೇ ಮೇಲೆ ಬರ್ತದೆ. ಅದನ್ನು ನೋಡ್ಲಿಕ್ಕೆ ಸಿಗ್ತದಲ್ಲ." ಸ್ವಲ್ಪ ತಡೆದು, "ಎಲ್ಲ ಸಲ ಬರೋದಿಲ್ಲ" ಎಂದೂ ಸೇರಿಸಿದರು.

ತಂಗಿಗೆ ಬೇಡ ಎಂದಿರಲ್ಲ, ಯಾಕೆ ಎಂದು ಕೊನೆಯಲ್ಲಿ ಕೇಳಿದೆ. ನೇರ ಉತ್ತರ ಬರಲಿಲ್ಲ. ತಮ್ಮ ಮಗ ಚಿಕ್ಕವನಿದ್ದಾಗ ಜ್ವರ ಬಂದ ರಾತ್ರಿಗಳಲ್ಲೆಲ್ಲ ತಾವು ಬೇರೆಯವರ ಮಕ್ಕಳನ್ನು ಬರಮಾಡಿಕೊಳ್ಳುತ್ತಿದ್ದುದನ್ನು ಹೇಳಿದರು. ಸೊಂಟ ನೋವಿನ ಮಾತು ಬಂತು. 2020ರಲ್ಲಿ ಕೋವಿಡ್ ವಾರ್ಡಿನ ಹೆರಿಗೆಗಳಲ್ಲಿ ಪಿ.ಪಿ.ಇ. ಕಿಟ್ ಹಾಕಿಕೊಂಡು, ತಾಯಂದಿರಿಗೆ ತಮ್ಮ ಮುಖವೇ ಕಾಣದೆ ಹೋದದ್ದು ಬಂತು. ಆಮೇಲೆ, "ಅವಳಿಗೆ ತಾಳ್ಮೆ ಇದೆಯಾ ಅಂತ ನನಗಿನ್ನೂ ಗೊತ್ತಿಲ್ಲ" ಎಂದರು.

ಇದು ತಂಗಿಯ ಕಿವಿಗೆ ಬಿದ್ದಿದೆ. ಜಿ.ಎನ್.ಎಂ. ಅರ್ಜಿ ತುಂಬಿದ್ದಾಳೆ, ಒಂದು ಕಾಲಂ ಮಾತ್ರ ಅರ್ಥವಾಗದೆ ಖಾಲಿ ಉಳಿದಿದೆ. ನಾನು ಹೇಳಿಕೊಡಲು ಹೋದರೆ ಬೇಡವೆಂದಳು. ಚಿಕ್ಕಮ್ಮ ಇವತ್ತು ನೈಟ್ ಮುಗಿಸಿ ಬಂದು ಮಲಗಿದ್ದಾರೆ. ಅವಳು ಬೆಳಿಗ್ಗೆ ಹತ್ತರಿಂದ ಮುಚ್ಚಿದ ಬಾಗಿಲ ಎದುರು ಕಾಗದ ಹಿಡಿದುಕೊಂಡು ಕೂತಿದ್ದಾಳೆ. ಈಗ ಮೂರು ಗಂಟೆ.